ಕುಂದೂರಿನಿಂದ ಬಂದ ಮರಗೆಲಸದ ಮಷೀನು

ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಜೇನುಪೆಟ್ಟಿಗೆ ಮಾಡುತ್ತಿದ್ದೆ. ಯಸಳೂರಿನಿಂದ ಸ್ವಲ್ಪ ಒಳಗೆ ನಮ್ಮದು ಸಣ್ಣ ಕಾಫಿ ತೋಟ. ತೋಟವನ್ನು ನನ್ನ ಗಂಡ ನೋಡಿಕೊಳ್ಳುತ್ತಿದ್ದರು, ಜೇನು ನನ್ನ ಪಾಲಿಗೆ ಬಂದಿತ್ತು. ಮೊದಮೊದಲು ಪೇಟೆಯಿಂದ ತಂದ ಪೆಟ್ಟಿಗೆಗಳು ಒಂದೇ ಮಳೆಗಾಲಕ್ಕೆ ಸೊಟ್ಟಗಾಗಿ, ಸಂದಿನಲ್ಲಿ ಇರುವೆ ನುಗ್ಗಿ, ಹುಳುಗಳೆಲ್ಲ ಹಾರಿಹೋದವು. ಇದನ್ನು ನಾನೇ ಮಾಡಬಹುದಲ್ಲ ಅನ್ನಿಸಿತು. ನನ್ನ ತಂದೆ ಹೈಸ್ಕೂಲಿನಲ್ಲಿ ಮರಗೆಲಸ ಕಲಿಸುವ ಮೇಷ್ಟರು. ಅವರ ಗರಗಸ, ಉಳಿಗಳ ಜೊತೆಯಲ್ಲೇ ನಾನು ಬೆಳೆದವಳು. ತೋಟದಲ್ಲಿ ನೆರಳಿಗೆ ಬೆಳೆಸಿ, ಗಾಳಿಗೆ ಬಿದ್ದ ಸಿಲ್ವರ್ ಓಕ್ ಮರಗಳನ್ನು ಮಿಲ್ಲಿಗೆ ಕಳಿಸಿ ಹಲಗೆ ಮಾಡಿಸಿಕೊಂಡು, ಪಲ್ಪರ್ ಮನೆಯ ಒಂದು ಮೂಲೆಯಲ್ಲಿ ಕೆಲಸ ಶುರುಮಾಡಿದೆ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ ಇಟ್ಟಿದ್ದ ಆ ಶೆಡ್ಡು ಕೊಯ್ಲು ಮುಗಿದ ಮೇಲೆ ವರ್ಷವೆಲ್ಲ ಖಾಲಿ ಇರುತ್ತಿತ್ತು.

ನನ್ನ ಪೆಟ್ಟಿಗೆಗಳು ಸೊಟ್ಟಗಾಗಲಿಲ್ಲ. ಅಕ್ಕಪಕ್ಕದವರು ಕೇಳತೊಡಗಿದರು. ಆದರೆ ಜೇನುಪೆಟ್ಟಿಗೆಯ ಕೆಲಸದಲ್ಲಿ ಮುಕ್ಕಾಲು ಪಾಲು ಹಲಗೆಯನ್ನು ಕೀಸಿ ಒಂದೇ ದಪ್ಪಕ್ಕೆ ತರುವುದು. ಕೈಯಿಂದ ಕೀಸಿ ಕೀಸಿ ನನ್ನ ಬಲಭುಜ ಹಿಡಿದುಕೊಂಡು, ತಲೆ ಬಾಚಿಕೊಳ್ಳುವುದೂ ಕಷ್ಟವಾಯಿತು. ಹೀಗಿರುವಾಗ ನನ್ನ ಗಂಡ ಆಲೂರು ಸಂತೆಯಲ್ಲಿ ಒಂದು ಸುದ್ದಿ ಕೇಳಿಕೊಂಡು ಬಂದರು. ಕುಂದೂರಿನ ಹತ್ತಿರ ಯಾರೋ ಒಬ್ಬರ ಮನೆಯಲ್ಲಿ ಎಲ್ಲ ಕೆಲಸಕ್ಕೂ ಆಗುವ ಹಳೆಯ ಮರಗೆಲಸದ ಮಷೀನು ಮಾರಾಟಕ್ಕಿದೆಯಂತೆ. ಕೊಯ್ಯುತ್ತದೆ, ಕೀಸುತ್ತದೆ, ತೂತೂ ಕೊರೆಯುತ್ತದೆ.

ಒಂದು ಭಾನುವಾರ ಇಬ್ಬರೂ ಬಸ್ಸು ಹಿಡಿದು ಹೋದೆವು. ಮನೆಯ ಯಜಮಾನರಿಗೆ ಅರವತ್ತರ ಆಸುಪಾಸು. ಹಿಂದೆ ಬಾಗಿಲು, ಮಂಚ ಮಾಡಿ ಕೊಡುತ್ತಿದ್ದವರು. ಬಲಗೈಯ ಮೇಲೆ ಟವೆಲ್ ಇಳಿಬಿಟ್ಟುಕೊಂಡೇ ನಮ್ಮನ್ನು ಹಿತ್ತಲಿನ ಕೊಟ್ಟಿಗೆಗೆ ಕರೆದುಕೊಂಡು ಹೋಗಿ ಗೋಣಿಚೀಲ ಸರಿಸಿದರು. ಹಸಿರು ಬಣ್ಣದ ಬೀಡುಕಬ್ಬಿಣದ ಮಷೀನು. ಒಂದು ಕಡೆ ದುಂಡು ಗರಗಸ, ಇನ್ನೊಂದು ಕಡೆ ಕೀಸುವ ಬ್ಲೇಡುಗಳನ್ನು ಕಟ್ಟಿದ ಉರುಳೆ, ತುದಿಯಲ್ಲಿ ಬೈರಿಗೆ ಸಿಕ್ಕಿಸುವ ಜಾಗ. ಎಲ್ಲ ಒಂದೇ ಮೈಯಲ್ಲಿ. ಅಲ್ಲಲ್ಲಿ ಬಣ್ಣ ಎದ್ದಿದ್ದರೂ ಮೇಜು ಕನ್ನಡಿಯಂತೆ ಇತ್ತು. ಎಣ್ಣೆ ಹಚ್ಚಿ ಒರೆಸಿಟ್ಟಿದ್ದರು.

ಯಜಮಾನರು ಎಲ್ಲವನ್ನೂ ನನ್ನ ಗಂಡನಿಗೇ ವಿವರಿಸಿದರು. ಮೇಜು ಏರಿಸುವ ಚಕ್ರ ತೋರಿಸಿದರು, ಬ್ಲೇಡು ಬಿಗಿಯುವ ಬೋಲ್ಟು ತೋರಿಸಿದರು. ಕೊನೆಗೆ ನನ್ನ ಗಂಡ ನಗುತ್ತಾ, "ನಂಗ್ ಹೇಳಿ ಪ್ರಯೋಜನ ಇಲ್ಲ ಯಜಮಾನ್ರೇ. ನಂಗೆ ಒಂದು ಮೊಳೆ ನೆಟ್ಟಗೆ ಹೊಡಿಯಕ್ ಬರಲ್ಲ. ಮಷೀನು ಬೇಕಾಗಿರೋದು ಇವ್ರಿಗೆ" ಅಂದರು.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಏನ್ ಮಾಡ್ತಿಯವ್ವ?"

"ಜೇನುಪೆಟ್ಟಿಗೆ."

"ಮೂಲೆ ಎಂಗ್ ಕೂಡಿಸ್ತೀಯ?"

ನಾನು ಹೇಳಿದೆ. ಅವರು ತಲೆಯಾಡಿಸಿದರು. ಅಲ್ಲಿಂದ ಮುಂದೆ ನನ್ನ ಗಂಡನ ಕಡೆ ತಿರುಗಲೇ ಇಲ್ಲ. ರೇಟಿನ ಮಾತೂ ಅಲ್ಲೇ ನಿಂತಂತೆಯೇ ಮುಗಿಯಿತು.

ಅಷ್ಟರಲ್ಲಿ ಅವರ ಹೆಂಡತಿ ಕಾಫಿ ತಂದರು. ಮಾತು ಕಿವಿಗೆ ಬಿದ್ದಿರಬೇಕು, ಲೋಟ ಕೊಟ್ಟವರೇ ನನ್ನ ರಟ್ಟೆ ಹಿಡಿದು ಅಡಿಗೆಮನೆಗೆ ಕರೆದುಕೊಂಡು ಹೋದರು.

"ನಮ್ಮನೆವ್ರ ಕೈ ನೋಡಿದ್ಯಾ?"

"ಇಲ್ಲ ಅಕ್ಕ."

"ಎರಡು ಬೆರಳು ಇಲ್ಲ ಕಣವ್ವ. ಅದೇ ಮಷೀನು ತಿಂದಿದ್ದು. ಆ ಶಬ್ದ ನಿಂತು, ಇವ್ರು ಕೂಗಿದ್ದು ಇನ್ನೂ ನನ್ ಕಿವೀಲಿ ಐತೆ. ಅದು ಮನೆಯಿಂದ ತೊಲಗ್ಲಿ ಅಂತ ನಾನೇ ಊರಿಗೆಲ್ಲ ಹೇಳಿ ಕಳ್ಸಿದ್ದು. ಯಾವನೋ ಆಚಾರಿ ತಕಂಡೋಗ್ತಾನೆ ಅನ್ಕಂಡಿದ್ದೆ. ನಿನ್ನಂಥ ಹೆಣ್ಮಗ್ಳಿಗೆ ಕೊಟ್ಟು ನಾನು ನಿದ್ದೆ ಮಾಡ್ಲಾ?"

ಅವರು ಹೊರಗೆ ಹೋಗಿ ಗಂಡಸರಿಬ್ಬರ ಮುಂದೆ ನಿಂತು, "ಇವ್ರಿಗೆ ಕೊಡಾಕಿಲ್ಲ" ಅಂದುಬಿಟ್ಟರು.

ಯಜಮಾನರು ಬೆಪ್ಪಾದರು. "ಮಾರು ಮಾರು ಅಂತ ನನ್ ಪ್ರಾಣ ತಿಂದೋಳು ನೀನೇ ಅಲ್ವೇನೇ?"

"ಮಾರ್ತೀನಿ. ಇವ್ರಿಗೆ ಮಾತ್ರ ಬ್ಯಾಡ."

ಬರಿಗೈಯಲ್ಲಿ ವಾಪಸು ಹೊರಟೆವು. ಬಸ್ಸಿನಲ್ಲಿ ನನಗೆ ಸಿಟ್ಟೇ ಬಂದಿತ್ತು. ನನ್ನ ಗಂಡ, "ಆಯಮ್ಮ ಹೇಳಿದ್ರಲ್ಲಿ ತಪ್ಪೇನಿಲ್ಲ ಬಿಡು" ಅಂದಾಗ ಇನ್ನೂ ಜಾಸ್ತಿಯಾಯಿತು. ಆದರೆ ಸಕಲೇಶಪುರ ಬರುವಷ್ಟರಲ್ಲಿ ನಾನು ಮಡಿಲಲ್ಲಿಟ್ಟುಕೊಂಡ ನನ್ನ ಕೈಗಳನ್ನೇ ನೋಡುತ್ತಾ ಕೂತಿದ್ದೆ. ಭಯ ಇರಲಿಲ್ಲ ಅಂದರೆ ಸುಳ್ಳಾಗುತ್ತದೆ. ಮನೆಗೆ ಬಂದವಳು ಮತ್ತೆ ಕೈಯಲ್ಲೇ ಕೀಸಲು ಕೂತೆ.

ಕಾಫಿ ಕೊಯ್ಲು ಮುಗಿದು, ಶೆಡ್ಡು ತೊಳೆದು ನನ್ನ ಸಾಮಾನುಗಳನ್ನು ಮತ್ತೆ ಜೋಡಿಸಿಕೊಂಡಿದ್ದ ದಿನಗಳು. ಒಂದು ಮಧ್ಯಾಹ್ನ ಗೇಟಿನ ಹತ್ತಿರ ನಾಯಿ ಬೊಗಳಿತು. ನೋಡಿದರೆ ಕುಂದೂರಿನ ಆ ಅಮ್ಮ, ಕೈಯಲ್ಲೊಂದು ವೈರ್ ಬುಟ್ಟಿ ಹಿಡಿದು ಒಬ್ಬರೇ ಬಂದಿದ್ದಾರೆ. ಯಸಳೂರಿನಲ್ಲಿ ನೆಂಟರ ಮನೆಗೆ ಬಂದಿದ್ದೆ, ನಿಮ್ಮ ಮನೆ ಇಲ್ಲೇ ಅಂತ ಗೊತ್ತಾಯಿತು, ಅಂದರು. ನೆಂಟರ ಮನೆಯಿಂದ ನಮ್ಮಲ್ಲಿಗೆ ಬಿಸಿಲಲ್ಲಿ ನಡೆದು ಬರುವಷ್ಟು ಹತ್ತಿರವೇನಿಲ್ಲ. ಒಳಗೆ ಕೂರಿಸಿ ಮಜ್ಜಿಗೆ ಕೊಟ್ಟೆ.

ಮಜ್ಜಿಗೆ ಕುಡಿದ ಮೇಲೆ, "ಎಲ್ಲಿ, ನೀನ್ ಕೆಲ್ಸ ಮಾಡೋದು ತೋರ್ಸು" ಅಂದರು. ಶೆಡ್ಡಿಗೆ ಕರೆದುಕೊಂಡು ಹೋದೆ. ಅವರು ಅಲ್ಲಿ ಬೋರಲು ಹಾಕಿದ್ದ ಕಾಫಿ ಕೊಯ್ಲಿನ ಬುಟ್ಟಿಯ ಮೇಲೆ ಕೂತರು. ನಾನು ಹಲಗೆ ಬಿಗಿದು ಕೀಸತೊಡಗಿದೆ. ಸ್ವಲ್ಪ ಹೊತ್ತಿಗೆ ಭುಜದ ನೋವಿಗೆ ಕೈ ನಿಲ್ಲಿಸಿ ಉಜ್ಜಿಕೊಂಡೆ. ಅವರು ಎಲ್ಲ ನೋಡಿದರು. ಮುಗಿದ ಪೆಟ್ಟಿಗೆಯೊಂದರ ಮುಚ್ಚಳ ತೆಗೆದು, ಒಳಗಿನ ಚೌಕಟ್ಟುಗಳನ್ನು ಒಂದೊಂದಾಗಿ ಎತ್ತಿ ನೋಡಿ ಮತ್ತೆ ಇಟ್ಟರು.

"ಅವತ್ತಿಂದ ನಮ್ಮನೆವ್ರು ನನ್ ಜೊತೆ ಸರ್ಯಾಗಿ ಮಾತಾಡ್ತಿಲ್ಲ ಕಣವ್ವ" ಅಂದರು. "ಒಂದಿನ ಕೇಳುದ್ರು, ಗಂಡಸ್ರ ಬೆರಳಾದ್ರೆ ಹೋದ್ರೂ ಪರ್ವಾಗಿಲ್ವಾ ಅಂತ. ನಾನ್ ಏನಂತ ಹೇಳ್ಲಿ?"

ನನಗೆ ನಗು ಬಂತು. ಅವರೂ ನಕ್ಕರು.

"ಅದು ಎಂಗಾಯ್ತು ಅಕ್ಕ?" ಅಂದೆ.

"ಬ್ಲೇಡಿನ ಮೇಲೆ ಒಂದು ಮುಚ್ಚಳ ಇರ್ತದೆ. ಅಡ್ಡ ಬರ್ತೈತೆ ಅಂತ ಬಿಚ್ಚಿ ಎಸ್ದಿದ್ರು. ಚೋಟುದ್ದದ ಹಲಗೆ, ಕೈಲೇ ತಳ್ಳಿದ್ರು. ಅಷ್ಟೇ." ಅವರು ವೈರ್ ಬುಟ್ಟಿಯಿಂದ ಪೇಪರಿನಲ್ಲಿ ಸುತ್ತಿದ್ದ ಒಂದು ಕಬ್ಬಿಣದ ತಗಡನ್ನು ತೆಗೆದರು. ಬ್ಲೇಡಿನ ಅದೇ ಮುಚ್ಚಳ, ಮಷೀನಿನ ಜೊತೆ ಬಂದಿದ್ದ ಗಾರ್ಡು. ಅಟ್ಟದ ಮೇಲೆ ಎಲ್ಲೋ ಬಿದ್ದಿತ್ತಂತೆ. "ಇದು ಹಾಕ್ದೆ ಓಡ್ಸಕೂಡ್ದು. ನಮ್ಮನೆವ್ರೂ ಜೊತೇಲಿ ಬಂದು ಕೂರಿಸ್ಕೊಟ್ಟು, ಓಡ್ಸೋದು ತೋರ್ಸಿ ಹೋಗ್ತಾರೆ. ಇದುಕ್ಕೆ ಒಪ್ಪೋದಾದ್ರೆ ಟೆಂಪೋ ಕಳ್ಸು."

ಮುಂದಿನ ವಾರವೇ ಮಷೀನು ಬಂತು. ತೋಟದ ಆಳುಗಳು ಅಡಿಕೆ ಮರ ಸೀಳಿದ ದಬ್ಬೆಗಳ ಮೇಲೆ ಜಾರಿಸಿ ಇಳಿಸಿದರು. ಯಜಮಾನರು ಡ್ರೈವರ್ ಪಕ್ಕದಲ್ಲಿ ಕೂತು ಬಂದಿದ್ದರು. ಈ ಸಲ ಕೈಮೇಲೆ ಟವೆಲ್ ಇರಲಿಲ್ಲ.

ಅವರ ಮೋಟಾರು ತ್ರೀ ಫೇಸಿನದು. ನಮ್ಮ ಮನೆಗೆ ಇದ್ದದ್ದು ಸಿಂಗಲ್ ಫೇಸು. ಹಾಗಾಗಿ ಪಲ್ಪರ್ ಓಡಿಸುವ ಡೀಸೆಲ್ ಎಂಜಿನ್ನಿಗೇ ಮಷೀನನ್ನು ಜೋಡಿಸುವುದೆಂದು ಮೊದಲೇ ಮಾತಾಗಿತ್ತು. ಯಜಮಾನರು ಪುಲ್ಲಿ ಬದಲಾಯಿಸಿ, ಅಕ್ಕಿ ಮಿಲ್ಲಿನಲ್ಲಿ ಇರುವಂಥ ಚಪ್ಪಟೆ ಬೆಲ್ಟು ಹಾಕಿದರು. ನನ್ನ ಗಂಡ ಹ್ಯಾಂಡಲ್ ತಿರುವಿ ಎಂಜಿನ್ ಎಬ್ಬಿಸಿದರು. ಶೆಡ್ಡೆಲ್ಲ ನಡುಗಿತು. ಯಜಮಾನರು ಹಲಗೆ ಎತ್ತಿಕೊಂಡರು. ನಾನು ಗರಗಸದ ಕಡೆ ನಿಂತಿದ್ದೆ. ಅದರ ಹಲ್ಲುಗಳು ನಮ್ಮ ಕಡೆ ಬರುವ ಬದಲು ಆ ಕಡೆಗೆ ತಿರುಗುತ್ತಿದ್ದವು.

"ಹಲಗೆ ಇಡಬೇಡಿ! ಉಲ್ಟಾ ತಿರುಗ್ತಾ ಇದೆ!" ಎಂದು ಕೂಗಿದೆ.

ನನ್ನ ಗಂಡ ಎಂಜಿನ್ ಆರಿಸಿದರು. ಯಜಮಾನರು ಹಲಗೆ ಕೆಳಗಿಟ್ಟು, ಬೆವರು ಒರೆಸಿಕೊಂಡು, "ಮನೇಲಿ ಹೇಳ್ಬ್ಯಾಡಿ" ಅಂದರು. ಆಮೇಲೆ ಬೆಲ್ಟನ್ನು ಇಂಗ್ಲಿಷಿನ ಎಂಟರಂತೆ ಅಡ್ಡ ತಿರುಚಿ ಹಾಕಿದೆವು. ಈಗ ಮಷೀನು ಸರಿಯಾದ ಕಡೆಗೆ ತಿರುಗಿತು.

ಮೊದಲ ಹಲಗೆಯನ್ನು ಅವರೇ ಹಾಕುತ್ತಾರೆ ಎಂದುಕೊಂಡಿದ್ದೆ. ಅವರು ನನ್ನ ಕೈಗೆ ಹಲಗೆ ತಳ್ಳುವ ಮರದ ಹಿಡಿಯನ್ನು ಕೊಟ್ಟು ಹಿಂದೆ ಸರಿದರು. ಗಾರ್ಡು ಇತ್ತು, ಹಿಡಿ ಇತ್ತು. ತಳ್ಳಿದೆ. ಉದ್ದಕ್ಕೂ ಒಂದೇ ಸದ್ದು, ಆ ಬದಿಯಿಂದ ಹಲಗೆ ನುಣ್ಣಗೆ ಹೊರಬಂತು. ಬೆಳಗಿನಿಂದ ಕೂತು ಮಾಡಬೇಕಾದ ಕೆಲಸ ಉಸಿರು ಬಿಡುವುದರೊಳಗೆ ಆಗಿಹೋಗಿತ್ತು. ಇನ್ನೊಂದು ಹಾಕಿದೆ, ಮತ್ತೊಂದು ಹಾಕಿದೆ. ಸ್ವಲ್ಪ ಹೊತ್ತಿನ ಮೇಲೆ ಯಜಮಾನರು ನನ್ನ ಕೈಯಿಂದ ಆ ಹಿಡಿಯನ್ನು ಕೇಳಿ ತೆಗೆದುಕೊಂಡರು. ಮೂರು ಬೆರಳ ಕೈಯಲ್ಲಿ ಒತ್ತಿ ಹಿಡಿದು, ಉಳಿದ ಹಲಗೆಗಳನ್ನೆಲ್ಲ ಒಂದೊಂದಾಗಿ ಕೀಸಿ ಮುಗಿಸಿದರು. ಊಟಕ್ಕೆ ಕರೆದರೂ ಬರಲಿಲ್ಲ.

ಆಮೇಲಿನ ವರ್ಷಗಳಲ್ಲಿ ಬ್ಲೇಡು ಸಾಣೆ ಹಿಡಿಯಲು ಬರುತ್ತೇನೆಂದು ನೆಪ ಹೇಳಿ ಅವರು ಆಗಾಗ ಬರುತ್ತಿದ್ದರು. ಒಂದೆರಡು ದಿನ ಉಳಿದು ನಮ್ಮ ಕೊಟ್ಟಿಗೆಗೆ ಬಾಗಿಲು ಮಾಡಿಕೊಟ್ಟರು, ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಮನೆಗೆ ಮಂಚ ಮಾಡಿದರು. ನಾನೂ ಪೆಟ್ಟಿಗೆ ದಾಟಿ ಕಿಟಕಿ, ಕಪಾಟುಗಳಿಗೆ ಕೈಹಾಕಿದೆ. ಸಿಂಗಲ್ ಫೇಸ್ ಮೋಟಾರು ತಂದ ಮೇಲೆ ಎಂಜಿನ್ನಿನ ಗದ್ದಲವೂ ತಪ್ಪಿತು. ಭುಜದ ನೋವು ಪೂರ್ತಿ ಹೋಗಲಿಲ್ಲ, ಆದರೆ ತಲೆ ಬಾಚಿಕೊಳ್ಳಲು ಬರುತ್ತದೆ.

ಅವರ ಹೆಂಡತಿಗೆ ನಾನೊಂದು ಜೇನುಪೆಟ್ಟಿಗೆ ಹುಳು ಸಮೇತ ಕೊಟ್ಟಿದ್ದೆ. ಮರುವರ್ಷ ಕುಂದೂರಿಗೆ ಹೋದಾಗ ಹುಳುಗಳಿರಲಿಲ್ಲ, ಎಲ್ಲೋ ಹಾರಿಹೋಗಿದ್ದವು. ಪೆಟ್ಟಿಗೆಯನ್ನು ಅಡಿಗೆಮನೆಗೆ ತಂದು, ಅದರ ತುಂಬ ಬೆಳ್ಳುಳ್ಳಿ ತುಂಬಿಟ್ಟಿದ್ದರು. "ಗಾಳಿ ಚೆನ್ನಾಗಾಡ್ತೈತೆ ಕಣವ್ವ, ಒಂದೂ ಕೆಟ್ಟಿಲ್ಲ. ಇಂಥದೇ ಇನ್ನೊಂದು ಮಾಡ್ಕೊಡು, ಈರುಳ್ಳಿಗೆ" ಅಂದರು. ಮಾಡಿಕೊಟ್ಟೆ.