ಕೌದಿ ಕಾಕಿ ಹೊಲಿದ ಮೋಟಾರ್ ಸೀಟು

ಕೌದಿ ಕಾಕಿಯ ಎಡಗೈ ತೋರುಬೆರಳಿನ ತುದಿ ಜರಡಿಯ ಹಾಗಿತ್ತು. ಬಟ್ಟೆಯ ಅಡಿಯಿಂದ ಸೂಜಿಯ ಮೊನೆಯನ್ನು ಆ ಬೆರಳಿನಿಂದಲೇ ತಡೆದು ಮೇಲಕ್ಕೆ ತಿರುಗಿಸುತ್ತಿದ್ದಳು. ಚುಚ್ಚಿ ಚುಚ್ಚಿ ಅಲ್ಲಿಯ ಚರ್ಮ ಗಟ್ಟಿಯಾಗಿ, ಕಪ್ಪಾಗಿ, ತೂತು ತೂತಾಗಿತ್ತು. ಆ ಬೆರಳಿನಿಂದ ಒಮ್ಮೆ ಉಜ್ಜಿದರೆ ಸಾಕು, ಬಟ್ಟೆ ಇನ್ನೆಷ್ಟು ದಿನ ಬಾಳುತ್ತದೆ ಎಂದು ಹೇಳಿಬಿಡುವಳು. ನಾನು ಗಂಟು ಬಿಚ್ಚುವ ಮೊದಲೇ, "ಯಾರ ಮನಿ ಹೊಲಸು ಹೊತಗೊಂಡು ಬಂದೀಯೋ, ಕೆಳಗಿಡಲೇ" ಎನ್ನುವಳು. ಬಿಚ್ಚಿದ ಮೇಲೆ ಅದರಲ್ಲಿದ್ದ ಒಳ್ಳೆಯದನ್ನೆಲ್ಲ ತಾನೇ ಎಳೆದಿಟ್ಟುಕೊಳ್ಳುವಳು.

ಆಗ ನನ್ನ ವ್ಯಾಪಾರವೇ ಅದು. ಹಳೇ ಸೀರೆ, ಧೋತರ, ಲಡಾಯಿ ಮುಗಿದ ಮೇಲೆ ಹರಾಜಿಗೆ ಬಂದ ಮಿಲಿಟರಿ ಡೇರೆಯ ಬಟ್ಟೆ, ಇವನ್ನೆಲ್ಲ ಸೈಕಲ್ಲಿಗೆ ಕಟ್ಟಿಕೊಂಡು ಆಳಂದದಿಂದ ಅಫಜಲಪುರ, ಜೇವರ್ಗಿಯ ಸಂತೆಗಳಿಗೆ ಹೋಗುತ್ತಿದ್ದೆ. ಕಾಕಿ ಆಳಂದದಲ್ಲಿ ನಮ್ಮ ಎದುರು ಮನೆಯವಳು. ರಕ್ತಸಂಬಂಧವೇನಿಲ್ಲ. ಗಂಡ ಸತ್ತ ಮೇಲೆ ಊರವರ ಹಳೇ ಬಟ್ಟೆಗಳನ್ನು ಪದರ ಪದರವಾಗಿ ಹಾಸಿ ಕೌದಿ ಹೊಲಿದು, ಅದರಿಂದಲೇ ಒಬ್ಬನೇ ಮಗನನ್ನು ಓದಿಸಿದ್ದಳು.

ಇವತ್ತು ಮೋಟಾರ್ ಸೀಟು ಹೊಲಿಸುವ ಅಂಗಡಿ ನನ್ನದು. ನಾಯಿ ಕರೆದುಕೊಂಡು ತಿರುಗುವ ಗಿರಾಕಿ ಬಂದರೆ, ಮೊದಲು ನಾಯಿ ತೋರಿಸಿ, ಮೋಟಾರು ಆಮೇಲೆ ನೋಡೋಣ ಎನ್ನುತ್ತೇನೆ. ಮಖಮಲ್ ಬೇಡ, ಒಮ್ಮೆ ಹಿಡಿದ ಕೂದಲನ್ನು ಅದು ಬಿಡುವುದಿಲ್ಲ. ಎಳೆ ಸಡಿಲಾಗಿ ಎದ್ದಿರುವ ನೇಯ್ಗೆ ಬೇಡ, ಉಗುರು ಸಿಕ್ಕಿಕೊಳ್ಳುತ್ತದೆ. ಚರ್ಮ ನೋಡಲು ಚೆಂದ, ಆದರೆ ನಮ್ಮ ಕಡೆಯ ಬಿಸಿಲಿಗೆ ಅದು ಹಂಚಿನಂತೆ ಕಾಯುತ್ತದೆ. ಕಾಲೂರಲಾಗದೆ, ಜಾರುತ್ತ, ನಾಯಿ ಅದನ್ನು ಕೆರೆದೇ ತೀರುತ್ತದೆ. ಒತ್ತಾದ ನೇಯ್ಗೆಯ ಗಟ್ಟಿ ಬಟ್ಟೆ ತೆಗೆದುಕೊಳ್ಳಿ, ಪದರಗಳು ಒಂದರ ಮೇಲೊಂದು ಜರುಗದಂತೆ ಹೊಲಿಸಿ, ಬಿಚ್ಚಿ ಒಗೆಯಲು ಬರುವಂತೆ ಕಟ್ಟುವ ಕಸೆ ಇಡಿಸಿ, ಆ ಕಸೆಗಳನ್ನು ಸೀಟಿನ ಅಡಿಗೆ ಕಟ್ಟಿಸಿ. ಮೇಲೆ ಕಟ್ಟಿದರೆ ನಾಯಿ ಕಡಿಯುತ್ತದೆ. ಬಟ್ಟೆಯ ಬಣ್ಣ ನಿಮ್ಮ ಮನಸ್ಸಿಗೆ ಒಪ್ಪುವುದಕ್ಕಿಂತ ನಾಯಿಯ ಮೈಬಣ್ಣಕ್ಕೆ ಹತ್ತಿರವಿರಲಿ. ಇದರಲ್ಲಿ ಒಂದೂ ನನ್ನ ಬುದ್ಧಿಯಲ್ಲ. ಎಲ್ಲ ಕಾಕಿಯದು. ಅವಳಿಗೆ ಅದರಿಂದ ಏನು ಸಿಕ್ಕಿತು ಎಂಬುದನ್ನು ಮಾತ್ರ ನಾನು ಗಿರಾಕಿಗಳಿಗೆ ಹೇಳುವುದಿಲ್ಲ.

ಹಿಂದುಸ್ತಾನಕ್ಕೆ ಸ್ವಾತಂತ್ರ್ಯ ಬಂದಿತ್ತು, ನಮ್ಮ ಕಡೆಗೆ ಬಂದಿರಲಿಲ್ಲ. ನಾವಿನ್ನೂ ನಿಜಾಮ ರಾಜ್ಯದವರು. ಕಾಕಿಯ ಮಗ ಅಫಜಲಪುರದ ಬಜಾರಿನಲ್ಲಿ ಝಂಡಾ ಹಿಡಿದು ನಡೆದ, ಅಲ್ಲಿಯ ಠಾಣೆಯಲ್ಲಿ ಕೂಡಿ ಹಾಕಿದರು. ಗುಲಬರ್ಗಾ ಜೇಲಿಗೆ ಸಾಗಿಸುವ ಮೊದಲು ಯಾರಾದರೂ ದೊಡ್ಡವರು ಒಂದು ಮಾತು ಹೇಳಿದರೆ ಬಿಡುತ್ತಾರೆ, ಸಾಗಿಸಿದ ಮೇಲೆ ಯಾರ ಮಾತೂ ನಡೆಯುವುದಿಲ್ಲ ಎಂದು ಊರೆಲ್ಲ ಹೇಳಿತು. ಮಾತು ನಡೆಯುವ ದೊಡ್ಡವರು ಒಬ್ಬರೇ ಇದ್ದರು. ಜೇವರ್ಗಿ ಕಡೆಯ ದೇಸಾಯರು. ಠಾಣೆಯ ಅಮೀನ ಅವರ ವಾಡೆಯಲ್ಲಿ ಉಂಡು ಹೋಗುತ್ತಿದ್ದ.

ದೇಸಾಯರಿಗೆ ಶಿಕಾರಿಯ ಹುಚ್ಚು. ಉದ್ದ ಕಾಲಿನ, ಒಳಗೆ ಹೊಕ್ಕ ಹೊಟ್ಟೆಯ ಎರಡು ನಾಯಿಗಳನ್ನು ಮೋಟಾರಿನ ಹಿಂದಿನ ಸೀಟಿನಲ್ಲಿ ಕೂಡಿಸಿಕೊಂಡು ಎರೆ ಹೊಲಗಳಲ್ಲಿ ಚಿಗರೆ, ಮೊಲ ಅಟ್ಟಿಸುತ್ತಿದ್ದರು. ಮೋಟಾರಿನ ಜೊತೆ ಬಂದಿದ್ದ ಚರ್ಮದ ಸೀಟನ್ನು ನಾಯಿಗಳು ಕೆರೆದು ಹಾಕಿದ್ದವು. ಸೊಲ್ಲಾಪುರದಿಂದ ಹಾಕಿಸಿದ ಮಖಮಲ್ಲಿನ ಒಳಗಿನ ನಾರು ಹೊರಗೆ ಬಂದಿತ್ತು. ಡೇರೆ ಬಟ್ಟೆ ಮಾರಲು ವಾಡೆಗೆ ಹೋದವನು ಅದನ್ನು ಕಂಡೆ. ಹರಿದದ್ದು ಕಂಡಲ್ಲಿ ನನಗೆ ವ್ಯಾಪಾರ ಕಾಣುತ್ತದೆ.

"ಧಣ್ಯಾರ, ನಾಯಿ ಹರೀಲಾರದಂಥ ಸೀಟು ಹೊಲಿಸಿ ಕೊಡ್ತೇನಿ. ಕೂಲಿ ಬ್ಯಾಡ್ರಿ. ಠಾಣ್ಯಾಗ ಒಂದು ಮಾತು ಹೇಳ್ರಿ" ಎಂದೆ.

ದೇಸಾಯರು ನಕ್ಕರು. "ನನ್ನ ಮಾತು ತುಟ್ಟಿ ಅದಲೇ."

"ನಿಮ್ಮ ನಾಯಿ ಹರೀಲಾರದ ಸೀಟೂ ತುಟ್ಟಿನೇ ಅದ್ರಿ."

"ಆತು. ಒಂದು ಶಿಕಾರಿ ತಡೀಲಿ. ಮರುದಿನಾನೇ ಅಫಜಲಪುರಕ್ಕ ಹೋಗ್ತೇನಿ. ಹರೀತಂದ್ರ ನೀನೂ ಇಲ್ಲ, ನನ್ನ ಮಾತೂ ಇಲ್ಲ."

ಎಳೆಯ ವ್ಯಾಪಾರಿಗಳಿಗೆ ಇಲ್ಲೊಂದು ಮಾತು ಹೇಳುತ್ತೇನೆ. ಕೂಲಿಗೆ ಬದಲಾಗಿ ಮಾತು ಪಡೆಯುವ ವ್ಯವಹಾರಕ್ಕೆ ಇಳಿಯಬೇಡಿ. ಇಳಿಯಲೇಬೇಕಾದರೆ ಮಾತನ್ನು ಮುಂಗಡ ತೆಗೆದುಕೊಳ್ಳಿ.

ಕಾಕಿಯನ್ನು ಎತ್ತಿನ ಗಾಡಿಯಲ್ಲಿ ಜೇವರ್ಗಿಗೆ ಕರೆದೊಯ್ದೆ. ಅವಳು ಸೀಟನ್ನು ಆಮೇಲೆ ನೋಡಿದಳು, ಮೊದಲು ವಾಡೆಯ ಕಟ್ಟೆಯ ಮೇಲೆ ಕೂತು ನಾಯಿಗಳನ್ನೇ ನೋಡಿದಳು. ಬಹಳ ಹೊತ್ತಾದ ಮೇಲೆ ಡ್ರೈವರ್ ಕೇಳಿದ, "ಏನವ್ವಾ, ನಾಯಿಗಿ ಕುಪ್ಪಸ ಹೊಲೀತಿಯೇನು?"

"ನಿಮ್ಮ ನಾಯಿ ಕೂಡೂ ಮುಂದ ಗಿರಗಿರ ತಿರಗ್ತಾವ ನೋಡೋ ತಮ್ಮಾ. ಉಗರು ಸುತ್ತು ಹೊಡೀತದ. ಆ ಸೊಲ್ಲಾಪುರದಾಂವ ಹೊಲಿಗಿ ಉದ್ದಕ್ಕ ಹಾಕ್ಯಾನ. ಹರೀದ ಏನ ಮಾಡ್ತದ?" ಎಂದಳು.

ಕೌದಿಯನ್ನು ಅವಳು ಹೊಲಿಯುತ್ತಿದ್ದುದೇ ಹಾಗೆ. ಅಂಚಿನಿಂದ ಶುರುಮಾಡಿ ಸುತ್ತು ಸುತ್ತಾಗಿ ಒಳಗೆ ಬರುವುದು. ಅಳತೆ ತೆಗೆದುಕೊಂಡು ಆಳಂದಕ್ಕೆ ಮರಳಿ, ಸೀಟಿಗೂ ಅದನ್ನೇ ಮಾಡಿದಳು. ಅಡಿಗೆ ಹಳೇ ಧೋತರದ ಪದರಗಳು, ಮೇಲೆ ನಾನು ಕೊಟ್ಟ ಡೇರೆಯ ಬಟ್ಟೆ, ಉಗುರು ಹೋಗದಷ್ಟು ಒತ್ತಾದ ಸುತ್ತುಗಳು. ಡೇರೆ ಬಟ್ಟೆಯಲ್ಲಿ ಕೈಸೂಜಿ ಇಳಿಸುವುದು ಹುಡುಗಾಟವಲ್ಲ. ಬೆರಳು ಒಡೆದು ರಕ್ತ ಬಂದರೆ ಸೆರಗಿಗೆ ಒರೆಸಿಕೊಂಡು ಮುಂದುವರಿಯುತ್ತಿದ್ದಳು. ಸಾಕು ಮಾಡು ಎಂದರೆ, "ಅಂವ ಅಲ್ಲಿ ನೆಲದ ಮ್ಯಾಲ ಮಲಗ್ಯಾನ, ನಾ ಇಲ್ಲಿ ಸಾಕು ಮಾಡ್ಲೇನು?" ಎನ್ನುತ್ತಿದ್ದಳು.

ಸುತ್ತು ಮುಗಿಯುತ್ತ ಬಂದಾಗ ನಟ್ಟನಡುವೆ ಅಂಗೈಯಷ್ಟು ಜಾಗ ಉಳಿಯುತ್ತದೆ. ಅದಕ್ಕೆ ಕೌದಿಯ ಹೊಟ್ಟೆ ಎನ್ನುತ್ತೇವೆ. ಅದನ್ನು ಮುಚ್ಚುವ ಮೊದಲು ಒಳಗೊಂದು ತುತ್ತು ಇಡುವುದು ನಮ್ಮ ಹೆಣ್ಣುಮಕ್ಕಳ ಪದ್ಧತಿ. "ಹಸದ ಕೌದಿ ಯಾರಿಗೂ ಹೊಚ್ಚಬಾರದು" ಎನ್ನುವಳು ಕಾಕಿ. ಬೇರೆಯವರ ಕೌದಿಗೆ ಒಣ ರೊಟ್ಟಿಯ ಚೂರು ಇಡುತ್ತಿದ್ದಳು. ಆ ದಿನ ಮಗ ಬರುತ್ತಾನೆಂದು ಮನೆಯಲ್ಲಿ ಹೋಳಿಗೆ ಮಾಡಿದ್ದಳು. ಅದರಲ್ಲಿ ಒಂದು ತುಂಡು ಮುರಿದು, ತುಪ್ಪದಲ್ಲಿ ಅದ್ದಿ, ಸೀಟಿನ ಹೊಟ್ಟೆಯಲ್ಲಿಟ್ಟು ಹೊಲಿದಳು. ನಾನು ಪಕ್ಕದಲ್ಲೇ ಕೂತಿದ್ದೆ. ಯಾರ ಮನೆಯಲ್ಲೂ ಅದನ್ನು ಬೇಡ ಎನ್ನುವವರಿಲ್ಲ. ದೇವರಿಗೆ ದೀಪ ಹಚ್ಚಬೇಡ ಅಂದಂತೆ ಆಗುತ್ತದೆ.

ಸೀಟನ್ನು ನಾನೇ ವಾಡೆಗೆ ಒಯ್ದು ಕಟ್ಟಿಸಿದೆ, ಮೋಟಾರು ಶಿಕಾರಿಗೆ ಹೋಗಿ ಬಂತು. ಮರುದಿನ ಬೆಳಿಗ್ಗೆ ವಾಡೆಗೆ ಹೋದೆ. ದೇಸಾಯರು ನನ್ನನ್ನು ಮೋಟಾರಿನ ಹತ್ತಿರ ಕರೆದೊಯ್ದರು. ಅಂಚಿನ ಒಂದು ಎಳೆಯೂ ಎದ್ದಿರಲಿಲ್ಲ, ಸುತ್ತುಗಳು ಹಾಗೇ ಇದ್ದವು. ನಟ್ಟನಡುವೆ ಮಾತ್ರ ಹಲ್ಲಿನಿಂದ ಸೀಳಿದ ತೂತು. ನಾಯಿಗಳು ಹೋಳಿಗೆ ತಿಂದಿದ್ದವು.

"ನಾಯಿ ಕೂಡೂ ಜಾಗದಾಗ ತುಪ್ಪ ಇಡತಾಳಲೇ ನಿಮ್ಮ ಮುದುಕಿ?" ಎಂದರು.

"ಕೌದಿಗಿ ಉಣಸೂ ಪದ್ಧತಿ ಅದ್ರಿ, ಧಣ್ಯಾರ."

"ನನಗ ಗೊತ್ತಿಲ್ಲೇನು? ನಮ್ಮವ್ವನೂ ಇಡತಿದ್ಳು."

"ಮತ್ತ ಹೊಲಗಿ ನೋಡ್ರಿ, ಎಲ್ಲೂ ಬಿಟ್ಟಿಲ್ಲ. ತೂತಿಗಿ ಒಂದು ತ್ಯಾಪಿ ಹಚ್ಚಿದ್ರ ಮುಗೀತು."

"ಹರೀಬಾರದು ಅಂತ ಮಾತಾಗಿತ್ತು. ಹರೀತು" ಎಂದು ಒಳಗೆ ಹೋದರು.

ನಾನು ಜಗಲಿಯ ಮೇಲೆ ಮಧ್ಯಾಹ್ನದವರೆಗೆ ಕೂತೆ. ಜೀವನದಲ್ಲಿ ಎಂಥೆಂಥ ಜಿಪುಣರ ಜೊತೆ ಚೌಕಾಸಿ ಮಾಡಿದ್ದೇನೆ. ಗೊತ್ತಿಲ್ಲದವನಿಗೆ ತಿಳಿಸಿ ಹೇಳಬಹುದು, ಎಲ್ಲ ಗೊತ್ತಿದ್ದೂ ಇಲ್ಲ ಎನ್ನುವವನಿಗೆ ಏನು ಹೇಳುವುದು?

ಇದನ್ನು ಕಾಕಿಯಿಂದ ಮುಚ್ಚಿಡಲು ನನಗೆ ಆಗಲಿಲ್ಲ. ಕೇಳಿ, "ನನ್ನ ಕೈರುಚಿ ಅವಕ್ಕರ ಹಿಡಸ್ತಲ್ಲ" ಎಂದಳು. ಉಳಿದ ಹೋಳಿಗೆಯನ್ನು ನನಗೆ ಬಡಿಸಿದಳು, ತಾನು ಮುಟ್ಟಲಿಲ್ಲ. ಅದೇ ವಾರ ಮಗನನ್ನು ಗುಲಬರ್ಗಾ ಜೇಲಿಗೆ ಸಾಗಿಸಿದರು. ರೊಟ್ಟಿ ಕಟ್ಟಿಕೊಂಡು ಹೋಗಿ ಜೇಲಿನ ಬಾಗಿಲಲ್ಲಿ ಕೂತು ಬರುವಳು. ಒಳಗೆ ಬಿಡುತ್ತಿರಲಿಲ್ಲ. ರೊಟ್ಟಿಯನ್ನಾದರೂ ಒಳಗೆ ತಲುಪಿಸುತ್ತಾರೋ ಇಲ್ಲವೋ ಎಂದು ನಾನು ಕೇಳಿದರೆ, "ಯಾರರ ತಿಂತಾರ ಬಿಡು, ಹಸದಾವ್ರೇ ಇರ್ತಾರ ಅಲ್ಲಿ" ಎನ್ನುವಳು.

ಮರುವರ್ಷ ಮಳೆಗಾಲದ ಕೊನೆಗೆ ಹಿಂದುಸ್ತಾನದ ಫೌಜು ಬಂತು. ಜೇಲಿನ ಬಾಗಿಲು ತೆರೆಯಿತು. ಆಳಂದದಲ್ಲಿ ಮಗನಿಗೆ ಹಾರ ಹಾಕಿ ಮೆರವಣಿಗೆ ಮಾಡಿದರು. ಮೆರವಣಿಗೆ ನಮ್ಮ ಓಣಿಗೆ ಬಂದಾಗ ಕಾಕಿ ತಂಬಿಗೆಯಲ್ಲಿ ನೀರು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅವನು ಹೊಸ್ತಿಲು ದಾಟಲಿಲ್ಲ. ಜೇಲಿನಲ್ಲಿ ಯಾರೋ ಅವನಿಗೆ ಸೀಟಿನ ಸುದ್ದಿ ಮುಟ್ಟಿಸಿದ್ದರು.

"ಅಂವನ ನಾಯಿಗಿ ಹಾಸಿಗಿ ಹೊಲದು ನನ್ನ ಬಿಡಸಾಕ ಹೋಗಿದ್ದಿ. ಎಲ್ಲಾರೂ ನಗತಿದ್ರು ನನ್ನ ನೋಡಿ. ನಾ ಕೇಳಿದ್ನೇನು ನಿನಗ?"

"ಕೇಳಾಕ ನಿನ್ನ ಹಂತೇಕ ಬಿಟ್ಟಿದ್ರೇನೋ ನನಗ? ಬಾ, ಕಾಲು ತೊಳಕೋ. ಉಣ್ಣು."

ಅವನು ಹಾರ ತೆಗೆದು ಯಾರದೋ ಕೈಗೆ ಕೊಟ್ಟು ನಡೆದುಬಿಟ್ಟ. ಅಷ್ಟಕ್ಕೇ ನಿಂತಿದ್ದರೆ ಹಟಮಾರಿ, ಮರ್ಯಾದೆಯ ಮನುಷ್ಯ ಎಂದು ನಾನೂ ಸುಮ್ಮನಿರುತ್ತಿದ್ದೆ. ದೀಪಾವಳಿಯ ಹೊತ್ತಿಗೆ ದೇಸಾಯರು ಬಿಳಿ ಟೋಪಿ ಹಾಕಿಕೊಂಡರು. ಸಭೆಗಳಲ್ಲಿ ಮೊದಲ ಕುರ್ಚಿ ಅವರದೇ ಆಯಿತು. ಪಕ್ಕದ ಕುರ್ಚಿ ಕಾಕಿಯ ಮಗನದು. ಜೇಲಿಗೆ ಹೋಗಿ ಬಂದವನೊಬ್ಬ ಅವರಿಗೆ ಬೇಕಿತ್ತು, ಮೋಟಾರು ಇದ್ದವರೊಬ್ಬರು ಇವನಿಗೆ ಬೇಕಿತ್ತು. ಅಫಜಲಪುರದ ಸಂತೆಯಲ್ಲಿ ಇಬ್ಬರೂ ಒಂದೇ ಮೋಟಾರಿನಿಂದ ಇಳಿದದ್ದನ್ನು ಕಣ್ಣಾರೆ ಕಂಡು ಬಂದು ಕಾಕಿಗೆ ಹೇಳಿದೆ, ಅವನನ್ನು ಬಾಯಿಗೆ ಬಂದಂತೆ ಬೈದೆ.

ಅವಳು ಸೂಜಿಗೆ ದಾರ ಪೋಣಿಸುತ್ತಿದ್ದಳು. "ಬೈಬ್ಯಾಡಲೇ. ಜೇಲಿನಾಗ ಇದ್ದಾಗರ ನನ್ನಾಂವ ಇದ್ದ" ಎಂದಳು.

ಎಳ್ಳಮಾವಾಸ್ಯೆಗೆ ಕೆಲವೇ ದಿನ ಇರುವಾಗ, ಚಳಿಯಲ್ಲಿ, ಕಾಕಿ ಹೋದಳು. ಮೂರು ದಿನದ ಜ್ವರ, ಅಷ್ಟೇ. ಮಗನಿಗೆ ಹೇಳಿ ಕಳಿಸಿದೆವು. ಮಣ್ಣಿನ ಹೊತ್ತಿಗೆ ಬಂದ. ದೇಸಾಯರ ಮೋಟಾರಿನಲ್ಲೇ ಬಂದ. ಹಿಂದಿನ ಸೀಟಿನಲ್ಲಿ ಒಂದು ನಾಯಿಯೂ ಇತ್ತು. ಮಣ್ಣು ಕೊಟ್ಟ, ಕೈಕಾಲು ತೊಳೆದ, ಹೋಗಿ ಮೋಟಾರಿನಲ್ಲಿ ಕೂತ. ನಾನು ಬಾಗಿಲ ಹತ್ತಿರ ಹೋಗಿ ಒಳಗೆ ನೋಡಿದೆ. ಹರಿಯಿತೆಂದು ಮಾತು ಮುರಿದ ಸೀಟನ್ನು ದೇಸಾಯರು ಒಂದು ದಿನವೂ ತೆಗೆಸಿರಲಿಲ್ಲ. ನಡುವಿನ ತೂತಿಗೆ ಚರ್ಮದ ತ್ಯಾಪೆ ಹಾಕಿಸಿದ್ದರು. ಸುತ್ತಲೂ ಕಾಕಿಯ ದಾರ ಹಾಗೇ ಇತ್ತು.

"ಎದರ ಮ್ಯಾಲ ಕುಂತೀ ಗೊತ್ತದೇನು? ಆ ತ್ಯಾಪಿ ಬಿಟ್ಟು ಉಳದದ್ದೆಲ್ಲಾ ನಿಮ್ಮವ್ವನ ಕೈ ಹೊಲಗಿ" ಎಂದೆ.

ಅವನು ತಗ್ಗಿ ನೋಡಿದ. ಕೈ ಇಡಲು ಹೋಗಿ ಇಡಲಿಲ್ಲ. ಇಳಿದು ರಸ್ತೆಯ ಮೇಲೆ ನಿಂತ, ಸ್ಮಶಾನದ ಕಡೆ ಮುಖ ಮಾಡಿ. ಇವತ್ತಾದರೂ ನಡೆದು ಮನೆಗೆ ಬರುತ್ತಾನೆ ಎಂದುಕೊಂಡೆ.

"ಹೊತ್ತಾತ್ರೀ. ಜೇವರ್ಗ್ಯಾಗ ಧಣ್ಯಾರು ಸಭಾಕ್ಕ ಕಾಯಾಕತ್ತಾರ" ಎಂದ ಡ್ರೈವರ್.

ಅವನು ಧೋತರಕ್ಕೆ ಹತ್ತಿದ ಮಣ್ಣನ್ನು ಕೊಡವಿಕೊಂಡು ಮತ್ತೆ ಹತ್ತಿದ. ನಾಯಿ ಸರಿದು ಅವನಿಗೆ ಜಾಗ ಬಿಟ್ಟುಕೊಟ್ಟಿತು.