ಅಬುಧಾಬಿಯಲ್ಲಿ ನನ್ನ ಮೊದಲ ಅಡುಗೆಮನೆ

ಹದಿನಾಲ್ಕು ಮಹಡಿಗಳ ಬಾಗಿಲ ಹಿಡಿಕೆಗಳಿಗೆ ನಾನು ಸಿಕ್ಕಿಸಿ ಬಂದಿದ್ದ ನನ್ನ ಜಾಹೀರಾತಿನ ಕರಪತ್ರಗಳನ್ನೆಲ್ಲ ಕಾವಲುಗಾರ ಒಂದು ಚೀಲದಲ್ಲಿ ತುಂಬಿ ನನ್ನ ಕೈಗೇ ತಂದುಕೊಟ್ಟ. "ಮಾಫಿ ಪರ್ಮಿಷನ್, ಮೇಡಂ. ಖಲಾಸ್," ಎಂದ. ಅನುಮತಿ ಇಲ್ಲ, ಮುಗಿಯಿತು ಎಂದರ್ಥ. ಹೀಗೆ ಮಾಡಿದರೆ ಇಲ್ಲಿ ದಂಡ ಹಾಕುತ್ತಾರೆ, ಹೊಸಬರೆಂದು ಬಿಟ್ಟಿದ್ದೇನೆ ಎಂದು ಹಿಂದಿಯಲ್ಲಿ ಹೇಳಿ ತನ್ನ ಕುರ್ಚಿಗೆ ಮರಳಿದ.

ಆಗ ನಾನು ದುಬೈಯ ಸಿಲಿಕಾನ್ ಓಯಸಿಸ್ ಬಡಾವಣೆಯಲ್ಲಿ ಬೆಡ್‌ಸ್ಪೇಸ್ ಹಿಡಿದಿದ್ದೆ. ಅಂದರೆ ಮನೆಯಲ್ಲ, ಕೋಣೆಯೂ ಅಲ್ಲ. ಮೂವರಿರುವ ಕೋಣೆಯಲ್ಲಿ ಒಂದು ಮಂಚ. ಬೇರೆಯವರ ಮನೆಯೊಳಗನ್ನು ವಿನ್ಯಾಸ ಮಾಡುವುದು ನನ್ನ ಉದ್ಯೋಗ. ಕರೆಸಿಕೊಂಡ ಕಂಪನಿ ಎಂಟೇ ತಿಂಗಳಲ್ಲಿ ಮುಚ್ಚಿದಾಗ ಸ್ವಂತವಾಗಿ ದುಡಿಯುವ ಪರವಾನಗಿ ಮಾಡಿಸಿಕೊಂಡೆ. ವರ್ಷದೊಳಗೆ ಗ್ರಾಹಕರು ಸಿಗದಿದ್ದರೆ ಊರಿನ ವಿಮಾನ ಹತ್ತುವುದೇ ಸರಿ.

ನಮ್ಮೂರು ಕಾಪುವಿನಲ್ಲಿ ಗ್ರಾಹಕರನ್ನು ಹುಡುಕುವ ಪ್ರಶ್ನೆಯೇ ಇರಲಿಲ್ಲ. ಇಂಥವರ ಮಗಳು ಎಂದರೆ ಸಾಕು, ಗುರುತು ಸಿಕ್ಕಿಬಿಡುತ್ತಿತ್ತು. ಇಲ್ಲಿ ಪಕ್ಕದ ಮಂಚದವಳಿಗೂ ನನ್ನ ಪೂರ್ತಿ ಹೆಸರು ಗೊತ್ತಿರಲಿಲ್ಲ. "ಇನ್‌ಸ್ಟಾಗ್ರಾಮ್ ಪೇಜ್ ಮಾಡು, ತುಂಬಿದ ಹಾಗೆ ಕಾಣ್ಬೇಕು," ಎಂದು ಅವಳೇ ಸಲಹೆ ಕೊಟ್ಟಳು. ತುಂಬಿಸಲು ನನ್ನ ಬಳಿ ಕೆಲಸಗಳಿರಲಿಲ್ಲ. ಅಂತರ್ಜಾಲದಿಂದ ಚಂದದ ಅಡುಗೆಮನೆಗಳ ಚಿತ್ರ ತೆಗೆದು ಹಾಕಿದೆ. ನಾನೇ ಮಾಡಿದ್ದು ಎಂದು ಬರೆಯಲಿಲ್ಲ. ಅಲ್ಲ ಎಂದೂ ಬರೆಯಲಿಲ್ಲ.

ಅದೇ ಪೇಜಿಗಾಗಿ ರತ್ನಗಂಬಳಿಗಳ ಫೋಟೋ ತೆಗೆಯಲು ಒಮ್ಮೆ ಅಬುಧಾಬಿಯ ಅಲ್ ಮೀನಾ ಮಾರುಕಟ್ಟೆಗೆ ಹೋಗಿದ್ದೆ. ನಾನು ಫೋನಿನಲ್ಲಿ ಕನ್ನಡ ಮಾತಾಡುವುದನ್ನು ಕೇಳಿದ ಅಂಗಡಿಯವರು, "ಊರು ಯಾವ್ದು? ಉಡುಪಿ ಕಡೆಯಾ? ನಮ್ದು ಭಟ್ಕಳ," ಎಂದರು. ಚಹಾ ಬಂತು. ಅಬುಧಾಬಿಯ ಹೊರವಲಯದ ಬನಿಯಾಸ್‌ನಲ್ಲಿರುವ ತಮ್ಮ ಮನೆಯ ಅಡುಗೆಕೋಣೆಯನ್ನು ಹೊಸದು ಮಾಡಬೇಕೆಂದು ಹೆಂಡತಿ ವರ್ಷದಿಂದ ಹೇಳುತ್ತಿದ್ದಾಳೆಂದರು.

ನಾನು ಅವರ ಮನೆಗೆ ಹೋದಾಗ ಹೆಂಡತಿ ಜುಲೇಖಾ ಆಂಟಿ ಫೋನಿನಲ್ಲಿ ನನ್ನ ಪೇಜನ್ನು ಸರಿಸುತ್ತಾ ಹೋಗಿ ಒಂದು ಬಿಳಿ ಅಡುಗೆಮನೆಯ ಚಿತ್ರದ ಬಳಿ ನಿಂತರು. "ಇದು ಎಲ್ಲುಂಟು? ನನ್ನನ್ನು ಕರ್ಕೊಂಡು ಹೋಗು. ಮೀನು ಹುರಿದ್ರೆ ಹೊಗೆ ಎಲ್ಲಿ ಹೋಗ್ತದೆ, ನೋಡ್ಬೇಕು."

"ಆ ಮನೆಯವರು ಊರಿಗೆ ಹೋಗಿದ್ದಾರೆ ಆಂಟಿ."

"ಬರ್ಲಿ. ಕಾಯ್ತೇನೆ. ನನಗೆಂತ ಅವಸರ?"

ಅವರು ನಿಜವಾಗಿಯೂ ಕಾದರು. ವಾರಕ್ಕೊಮ್ಮೆ ಫೋನ್ ಮಾಡಿ, "ಬಂದ್ರಾ ಅವರು?" ಎಂದು ಕೇಳುತ್ತಿದ್ದರು. ನಂಬಿ ಕೇಳುವ ಆ ಧ್ವನಿಗೆ ಮೂರನೆಯ ಸಲ ಸುಳ್ಳು ಹೇಳಲಾಗಲಿಲ್ಲ. ಬಸ್ಸು ಹತ್ತಿ ಬನಿಯಾಸ್‌ಗೆ ಹೋಗಿ, ಆ ಅಡುಗೆಮನೆ ಯಾವ ದೇಶದ್ದೆಂದೂ ನನಗೆ ಗೊತ್ತಿಲ್ಲ ಎಂದುಬಿಟ್ಟೆ.

ಎದ್ದು ಹೊರಡಬೇಕೇ ಎಂದು ನಾನು ಯೋಚಿಸುತ್ತಿದ್ದಾಗ ಆಂಟಿ ಕೇಳಿದರು: "ಹಾಗಾದ್ರೆ ನೀನು ನಿಜವಾಗಿ ಮಾಡಿದ್ದು ಎಂತ?"

ನನ್ನದೇ ಆದ ಕೆಲಸದ ಒಂದೇ ಚಿತ್ರ ಫೋನಿನಲ್ಲಿತ್ತು. ಕಾಲಿಗೆ ಪೋಲಿಯೊ ಆದ ನನ್ನ ಚಿಕ್ಕಮ್ಮನಿಗಾಗಿ, ಓದುತ್ತಿದ್ದಾಗ ಮಾಡಿಸಿದ ಕಟ್ಟೆ. ಕೂತೇ ಅಡುಗೆ ಮಾಡುವಷ್ಟು ತಗ್ಗು. ಬೆಳಕು ಕಡಿಮೆ, ಮೂಲೆಯಲ್ಲಿ ಪ್ಲಾಸ್ಟಿಕ್ ಬಕೆಟ್ ಬೇರೆ. ಪೇಜಿಗೆ ಹಾಕಲು ನಾಚಿಕೆಪಟ್ಟಿದ್ದ ಚಿತ್ರ.

ಆಂಟಿ ಅದನ್ನು ಹಿಗ್ಗಿಸಿ ನೋಡಿದರು. "ಇದ್ರಲ್ಲಿ ಕೂತು ಮೀನು ಕೊಯ್ಲಿಕ್ಕೆ ಆಗ್ತದಾ? ನಿಂತು ನಿಂತು ನನ್ನ ಮಂಡಿ ಹೋಯ್ತು. ನೆಲದಲ್ಲಿ ಕೂತ್ರೆ ಏಳ್ಲಿಕ್ಕೆ ಆಗುದಿಲ್ಲ. ಮಕ್ಕಳಿಗೆ ಹೇಳಿದ್ರೆ, 'ಮಮ್ಮಾ, ಜಸ್ಟ್ ಬೈ ಇಟ್ ಕ್ಲೀನ್ಡ್' ಅಂತಾರೆ, ಕೊಯ್ದದ್ದನ್ನೇ ತಗೊಳ್ಬೇಕಂತೆ."

ಎರಡು ತಿಂಗಳು ಕೆಲಸ ನಡೆಯಿತು. ಕಟ್ಟೆಯ ಎತ್ತರ ನಿರ್ಧರಿಸಲು ಆಂಟಿಯನ್ನು ಸ್ಟೂಲುಗಳ ಮೇಲೆ ಒಂದೊಂದಾಗಿ ಕೂರಿಸಿ ಅಳತೆ ತೆಗೆದೆ. ನೀರು ಹರಿದುಹೋಗುವ ಇಳಿಜಾರು ಮೊದಲ ಸಲ ತಪ್ಪಿತು. ಒಡೆಸಿ ಮತ್ತೆ ಕಟ್ಟಿಸಿದೆ. ಮುಗಿದ ದಿನ ಆಂಟಿ ಕೂತು, ಬಂಗುಡೆ ಕೊಯ್ದು, ತೊಳೆದು, ಯಾರ ಕೈಯನ್ನೂ ಹಿಡಿಯದೆ ಎದ್ದು ನಿಂತರು. "ಯಲ್ಲಾ, ಈಗ ಫೋಟೋ ತೆಗಿ," ಎಂದರು. ನಡೆ, ಶುರುಮಾಡು ಎನ್ನುವುದಕ್ಕೆ ಇಲ್ಲಿ ಎಲ್ಲರೂ ಯಲ್ಲಾ ಎನ್ನುತ್ತಾರೆ. ಅವರ ಮುಂದೆಯೇ ಹಳೆಯ ಚಿತ್ರಗಳನ್ನೆಲ್ಲ ಅಳಿಸಿದೆ. ಬದಲಿಗೆ ಪೇಜಿಗೆ ಹಾಕಿದ್ದು ಎರಡೇ: ಚಿಕ್ಕಮ್ಮನದು, ಆಂಟಿಯದು.

ಮುಂದಿನ ಗ್ರಾಹಕರು ಪೇಜಿನಿಂದ ಬರಲಿಲ್ಲ. ಆಂಟಿಯ ಮನೆಗೆ ಊಟಕ್ಕೆ ಬಂದು, ಆ ಕಟ್ಟೆಯೆದುರು ತಾವೇ ಕೂತು ನೋಡಿದ ಹೆಂಗಸರು ಕರೆದರು. ಭಟ್ಕಳದವರು, ಆಮೇಲೆ ಮಂಗಳೂರಿನವರು, ಒಬ್ಬ ಈಜಿಪ್ಟಿನ ಟೀಚರ್. ಪರವಾನಗಿಯನ್ನು ಎರಡು ಸಲ ನವೀಕರಿಸಿದ್ದೇನೆ. ಮಂಚ ಬಿಟ್ಟು ಕೋಣೆಗೆ ಬಂದಿದ್ದೇನೆ. ದುಬೈಯಲ್ಲಿ ಗ್ರಾಹಕರನ್ನು ಹಿಡಿಯುವುದು ಹೇಗೆಂದು ಊರಿನ ಕಿರಿಯರು ಮೆಸೇಜು ಮಾಡುತ್ತಾರೆ. ನಾನು ಹೇಳುವುದಿಷ್ಟೇ: ನಿಮ್ಮದೇ ಆದ ಒಂದು ಕೆಲಸ ತೋರಿಸಿ, ಅದು ಎಷ್ಟು ಸಣ್ಣದಾದರೂ ಸರಿ. ಎದುರಿನವರ ಮಂಡಿ ನೋಯುತ್ತದೆಯೇ ಎಂದು ಕೇಳಿ. ಇದಕ್ಕಿಂತ ಹೆಚ್ಚು ನನಗೂ ತಿಳಿಯದು.

ಕಳೆದ ರಜೆಯಲ್ಲಿ ಭಟ್ಕಳಕ್ಕೆ ಹೋಗಿದ್ದೆ. ಆಂಟಿಯ ತಂಗಿ ಅಲ್ಲಿ ಹೊಸ ಮನೆ ಕಟ್ಟಿಸುತ್ತಿದ್ದಾರೆ, ಅಡುಗೆಕೋಣೆ ನನ್ನದು. ಅಳತೆ ಹಿಡಿಯುತ್ತಿದ್ದ ಮೇಸ್ತ್ರಿ ತಲೆಯೆತ್ತಿ, "ನಿಮ್ಮ ಕಡೆಗೆ ಈ ಕಟ್ಟೆ ಅಂಚ್ನ ಹ್ಯಾಂಗೆ ಮಾಡ್ತ್ರು, ಅಮ್ಮಾ?" ಎಂದು ಕೇಳಿದ. ಕಾಪು ಅಲ್ಲಿಂದ ಎರಡೂವರೆ ಗಂಟೆಯ ದಾರಿ, ನಾನೂ ಇದೇ ಕಡಲಿನವಳು ಎನ್ನಬೇಕೆಂದು ಬಾಯಿ ತೆರೆದೆ.

"ನಮ್ಮಲ್ಲಿ ಗ್ರಾನೈಟಿನ ಅಂಚನ್ನು ಕೈಗೆ ಚುಚ್ಚದ ಹಾಗೆ ಉರುಟು ಮಾಡ್ತಾರೆ," ಎಂದೆ. ನಮ್ಮಲ್ಲಿ ಎಂದರೆ ಬನಿಯಾಸ್‌ನಲ್ಲಿ. ಹೇಳಿಯಾದ ಮೇಲೆ ನನಗೇ ಗೊತ್ತಾಯಿತು. ಮೇಸ್ತ್ರಿ ಸರಿ ಎಂದು ತಲೆಯಾಡಿಸಿ, ಪೆನ್ಸಿಲಿನಿಂದ ಗೆರೆ ಎಳೆದ.