ಮೂರು ಥೌ ಸಣ್ಣದಾದ ಗುಂಡು

ನಾನು ನಿಂತಿದ್ದದ್ದು ಐದನೇ ಮೇಜಿನ ಹಿಂದೆ, ನೆಲದ ಮೇಲಿನ ಹಳದಿ ಗೆರೆಯಿಂದ ಒಂದು ಹೆಜ್ಜೆ ಈಚೆಗೆ, ಹುಡುಗಿಯ ಬಲ ಭುಜದಿಂದ ಸುಮಾರು ನಾಲ್ಕು ಅಡಿ ದೂರದಲ್ಲಿ. ಶನಿವಾರ. ಬೆಳಿಗ್ಗೆ ಹತ್ತು ಮುಕ್ಕಾಲಿಗೆ ಎರಡೋ ಮೂರೋ ನಿಮಿಷ ಬಾಕಿ ಇತ್ತು. ಬರ್ಕ್ಲಿಯ ಹಿಂದಿನ ಗುಡ್ಡಗಳನ್ನು ದಾಟಿ ಮುಕ್ಕಾಲು ಗಂಟೆ ಹೋದರೆ ಸಿಗುವ ಶೂಟಿಂಗ್ ರೇಂಜು ಅದು. ಮೇಲೆ ತಗಡಿನ ಚಾವಣಿ, ಮುಂದೆ ಇಪ್ಪತ್ತೈದು ಗಜ ದೂರದಲ್ಲಿ ಕಾಗದದ ಗುರಿ, ಅದರ ಹಿಂದೆ ಒಣ ಮಣ್ಣಿನ ದಿಬ್ಬ. ಗಾಳಿ ಇರಲಿಲ್ಲ. ಇದಾಗಿ ಎರಡು ವರ್ಷವಾಯಿತು. ಅಷ್ಟರಲ್ಲಿ ಎಷ್ಟು ಸಲ ಮನಸ್ಸಿನಲ್ಲೇ ಅಲ್ಲಿ ಹೋಗಿ ನಿಂತಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ಹುಡುಗಿಯ ಬೆರಳು ಬಂದೂಕಿನ ಕುದುರೆಯ ಮೇಲೆಯೇ ಇರುತ್ತದೆ.

ಹುಡುಗಿ ಎಂದರೆ ನನ್ನ ಸ್ನೇಹಿತರ ಮಗಳು. ಆಗ ಇಪ್ಪತ್ತೆರಡು ವರ್ಷ, ಬರ್ಕ್ಲಿಯಲ್ಲಿ ಓದುತ್ತಿದ್ದಳು. ಸ್ನೇಹಿತರು ಹುಬ್ಬಳ್ಳಿ ಕಡೆಯ ಡಾಕ್ಟರು, ಆಪರೇಷನ್ನಿಗೆ ಮೊದಲು ರೋಗಿಗಳಿಗೆ ಅರಿವಳಿಕೆ ಕೊಡುವವರು. ನನಗಿಂತ ಎಂಟು ವರ್ಷ ದೊಡ್ಡವರು. ಹಳೆಯ ಲಿವರ್ ರೈಫಲ್ ಒಂದನ್ನು ಕೊಂಡು, ಫಾಸ್ಟರ್ ಸಿಟಿಯ ಮನೆಯ ಗರಾಜಿನಲ್ಲಿ ಅದರ ಸೇವೆ ಮಾಡುತ್ತಿದ್ದರು, ಅದರ ತೋಟಾಗಳನ್ನೂ ಅಲ್ಲೇ ಕೈಯಾರೆ ತುಂಬುತ್ತಿದ್ದರು. ಹಿಡಿಕೆಯ ಕೆಳಗಿನ ಲಿವರನ್ನು ಕೆಳಕ್ಕೆ ತಳ್ಳಿ ಮೇಲಕ್ಕೆ ಎಳೆದರೆ ಖಾಲಿ ತೋಟಾ ಹಾರಿ ಹೊರಗೆ ಬೀಳುತ್ತದೆ, ಹೊಸದು ಒಳಗೆ ಕೂರುತ್ತದೆ. ಮುಚ್ಚಿದ ಕೂಡಲೇ ಗುಂಡು ಸಿದ್ಧ. ಅಷ್ಟು ಬೇಗ ಅದು ಸಿದ್ಧವಾಗುತ್ತದೆ ಎನ್ನುವುದನ್ನು ಓದುವವರು ನೆನಪಿನಲ್ಲಿಡಬೇಕು.

ನನ್ನ ಕೆಲಸ ಅಳತೆ. ಒಂದು ವರ್ಕ್‌ಶಾಪಿನಲ್ಲಿ ಯಂತ್ರದ ಬಿಡಿಭಾಗಗಳನ್ನು ಅಳೆದು, ಸರಿಯಿದ್ದರೆ ಕಳಿಸಿ, ಇಲ್ಲದಿದ್ದರೆ ಕೆಂಪು ಚೀಟಿ ಅಂಟಿಸುವವನು. ಇಂಚನ್ನು ಸಾವಿರ ಭಾಗ ಮಾಡಿದರೆ ಒಂದು ಭಾಗಕ್ಕೆ ನಾವು ಥೌ ಅನ್ನುತ್ತೇವೆ. ಅರ್ಧ ಥೌ ಹೆಚ್ಚುಕಮ್ಮಿಯಾದರೂ, ಮ್ಯಾನೇಜರೇ ಬಂದು ಕೇಳಿದರೂ ನಾನು ಚೀಟಿ ಕಿತ್ತವನಲ್ಲ.

ಆ ಶನಿವಾರದ ಹಿಂದಿನ ಭಾನುವಾರ ಡಾಕ್ಟರು ನನ್ನನ್ನು ಕರೆಸಿದ್ದು ಅದಕ್ಕೇ. ಮೆತ್ತನೆಯ ಸೀಸದ ಒಂದು ಉಂಡೆಯನ್ನು ನಳಿಗೆಯ ಬಾಯಿಗಿಟ್ಟು, ಮರದ ಕೋಲಿನಿಂದ ಮೆಲ್ಲಗೆ ಬಡಿದು ಆಚೆ ಕಡೆಯಿಂದ ಹೊರಗೆ ತೆಗೆದೆವು. ನಳಿಗೆಯೊಳಗಿನ ಸುರುಳಿ ಗೀರುಗಳೆಲ್ಲ ಅದರ ಮೇಲೆ ಅಚ್ಚಾಗಿದ್ದವು. ಮೈಕ್ರೋಮೀಟರಿನಲ್ಲಿ ಮೂರು ಸಲ ಅಳೆದೆ. ನಾನ್ನೂರ ಮೂವತ್ತು ಥೌ. ಅವರು ತರಿಸಿದ್ದ ಸೀಸದ ಗುಂಡುಗಳಲ್ಲಿ ಹತ್ತನ್ನು ಆರಿಸಿ ಅಳೆದೆ. ನಾನ್ನೂರ ಇಪ್ಪತ್ತೇಳು.

ಸೀಸದ ಗುಂಡು ನಳಿಗೆಯ ಅಳತೆಗಿಂತ ಒಂದು ಥೌ ದಪ್ಪ ಇರಬೇಕು. ಆಗ ಅದು ಗೀರುಗಳಲ್ಲಿ ಬಿಗಿಯಾಗಿ ಕೂತು, ಹಿಂದಿನಿಂದ ನುಗ್ಗುವ ಬಿಸಿ ಅನಿಲವನ್ನು ತಡೆಯುತ್ತದೆ. ಸಣ್ಣದಾದರೆ ಅನಿಲ ಪಕ್ಕದಿಂದ ನುಸುಳಿ, ಸೀಸವನ್ನು ಕರಗಿಸಿ ನಳಿಗೆಯ ಒಳಗೋಡೆಗೆ ಬಳಿಯುತ್ತದೆ. ಒಂದೊಂದು ಗುಂಡಿಗೂ ಒಂದೊಂದು ಪದರ.

"ಮೂರು ಥೌ ಸಣ್ಣದು ಸಾರ್," ಅಂದೆ.

"ಅಲ್ರೀ, ಒಂದು ತಲೀಗೂದಲಾ ಎಷ್ಟು ದಪ್ಪ ಇರ್ತದ?"

"ಮೂರು ಥೌ ಇರಬಹುದು."

"ಹಂಗಾರ ಒಂದು ಕೂದಲಾ ಸಲುವಾಗಿ ಮುನ್ನೂರು ಗುಂಡು ಕಸಕ್ಕ ಹಾಕ್ಲೇನು? ನೀವು ಮೈಸೂರಾವ್ರು ಭಾಳ ನಾಜೂಕು. ಇಡ್ಲಿನೂ ಅಳದು ತಿಂತೀರಿ."

ಅವರ ಹೆಂಡತಿ ಮಂಡಕ್ಕಿಯ ಗಿರ್ಮಿಟ್ ತುಂಬಿದ ತಟ್ಟೆ ಹಿಡಿದು ಬಂದರು. "ಅವ್ರು ತಿನ್ನಾಕ ಬಂದಾರೋ ಡ್ಯೂಟಿಗೆ ಬಂದಾರೋ? ಬಿಡ್ರಿ ಪಾಪ ಅವ್ರನ್ನ," ಎಂದು ತಟ್ಟೆಯನ್ನು ನನ್ನ ಕೈಗೆ ಕೊಟ್ಟರು. ಮೈಕ್ರೋಮೀಟರನ್ನು ಕೆಳಗಿಟ್ಟೆ. ಆಗ ನಾನು ಆಡಿದ ಮಾತು ಇದು, ಒಂದಕ್ಷರವೂ ಬದಲಾಯಿಸಿಲ್ಲ: "ಪರವಾಗಿಲ್ಲ ಬಿಡಿ ಸಾರ್. ಸ್ವಲ್ಪ ಸೀಸ ಹಿಡಿಯುತ್ತೆ, ಆಮೇಲೆ ಬ್ರಷ್ ಹಾಕಿ ಉಜ್ಜಿದ್ರಾಯ್ತು. ನಡೆಯುತ್ತೆ."

ಬರೀ ದಾಕ್ಷಿಣ್ಯ. ಹಿರಿಯರು, ಅವರ ಮನೆ, ಕೈಯಲ್ಲಿ ಅವರ ತಟ್ಟೆ. ಮಗಳೂ ಶನಿವಾರ ಬರುತ್ತಾಳೆ, ಅವಳ ಭುಜಕ್ಕೆ ಏಟು ಬೀಳದಿರಲಿ ಎಂದು ಅವಳ ತೋಟಾಗಳಿಗೆ ಮದ್ದು ಕಡಿಮೆ ತುಂಬುತ್ತೇನೆ ಎಂದು ಅವರು ಹೇಳಿದ್ದು ಆಮೇಲೆ. ಸಣ್ಣ ಗುಂಡು, ಸೀಸ ಬಳಿದ ನಳಿಗೆ, ಕಡಿಮೆ ಮದ್ದು. ಮೂರನ್ನೂ ಒಟ್ಟಿಗೆ ಇಟ್ಟು ಯೋಚಿಸುವುದು ನನಗೆ ಕಷ್ಟವಿರಲಿಲ್ಲ. ಯೋಚಿಸಲಿಲ್ಲ.

ಶನಿವಾರ ಮೊದಲು ಡಾಕ್ಟರು ನಲವತ್ತು ಗುಂಡು ಹಾರಿಸಿದರು. ಮೊದಲ ಹತ್ತು ಒಂದು ಅಂಗೈಯಗಲದಲ್ಲಿ ಬಿದ್ದವು. ಆಮೇಲೆ ಚೆದುರತೊಡಗಿದವು. ಕೊನೆಯವುಗಳಲ್ಲಿ ಎರಡು ತೂತು ದುಂಡಗಿರಲಿಲ್ಲ, ಉದ್ದಕ್ಕೆ ಹರಿದಂತಿದ್ದವು. ಗುಂಡು ಅಡ್ಡ ತಿರುಗಿಕೊಂಡು ಹೋಗಿತ್ತು. ಗುಂಡನ್ನು ತಿರುಗಿಸಿ ನೇರ ಕಳಿಸುವ ನಳಿಗೆಯ ಗೀರುಗಳು ಸೀಸದಲ್ಲಿ ಮುಚ್ಚಿಹೋಗಿವೆ ಎಂದು ನನಗೆ ಅಲ್ಲೇ ಗೊತ್ತಾಯಿತು. "ವಯಸ್ಸಾತ್ರೀ, ಕಣ್ಣು ಓಡವಲ್ವು," ಎಂದು ಅವರು ನಕ್ಕರು. ನಾನೂ ನಕ್ಕೆ. ಒಂದು ಸಲ ಬ್ರಷ್ ಹಾಕೋಣ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಅವರು, "ಬಾರವಾ, ನಿಂದೀಗ ಪಾಳಿ," ಎಂದು ಮಗಳನ್ನು ಕರೆದರು. ಬಾಯಿ ಮುಚ್ಚಿದೆ.

ಅವಳು ಎರಡು ಗುಂಡು ಹಾರಿಸಿದಳು. ಮೂರನೆಯದಕ್ಕೆ ಸದ್ದು ಬೇರೆಯಾಗಿತ್ತು. ಕಂಬಳಿಯೊಳಗೆ ಪಟಾಕಿ ಹೊಡೆದ ಹಾಗೆ. ಬಂದೂಕು ಕುಣಿಯಲಿಲ್ಲ. ಕಾಗದದಲ್ಲಿ ಹೊಸ ತೂತು ಇಲ್ಲ, ದಿಬ್ಬದಲ್ಲಿ ಧೂಳು ಏಳಲಿಲ್ಲ.

"ಅಪ್ಪಾ, ದಟ್ ವನ್ ವಾಸ್ ಸೋ ಸಾಫ್ಟ್," ಎಂದು ಅವಳು ಲಿವರ್ ತಳ್ಳಿದಳು. ತೋಟಾ ಹಾರುವ ತೆರವಿನಿಂದ ಹೊಗೆ ಹಿಂದಕ್ಕೆ ಬಂತು. ಲಿವರ್ ಮುಚ್ಚಿತು. ಕೆನ್ನೆ ಮತ್ತೆ ಹಿಡಿಕೆಗೆ ಒರಗಿತು.

ಕಡಿಮೆ ಮದ್ದಿನ ಬಲ ಸಾಲದೆ ಗುಂಡು ಹೊರಗೆ ಹೋಗಿಲ್ಲ, ಸೀಸ ಕಟ್ಟಿದ ನಳಿಗೆಯಲ್ಲೇ ಸಿಕ್ಕಿಕೊಂಡಿದೆ. ಇನ್ನೊಂದು ಅದಕ್ಕೆ ಹೋಗಿ ಬಡಿದರೆ ಉಕ್ಕು ಅವಳ ಮುಖದ ಮುಂದೆ ಸಿಡಿಯುತ್ತದೆ. ನಾನು ಕೂಗಿದೆ. ರೇಂಜಿನಲ್ಲಿ ಕೂಗಬೇಕಾದ ಇಂಗ್ಲಿಷ್ ಮಾತು ಬೇರೆ, ಗೋಡೆಯ ಮೇಲೆ ದೊಡ್ಡದಾಗಿ ಬರೆದೂ ಇತ್ತು. ನನ್ನ ಬಾಯಿಗೆ ಬಂದದ್ದು "ಏ, ಮುಟ್ಟಬೇಡ! ಮುಟ್ಟಬೇಡ!"

ಅವಳ ಕಿವಿಯ ಮೇಲಿದ್ದದ್ದು ಸಿಡಿತವನ್ನು ತಗ್ಗಿಸಿ ಮಾತನ್ನು ಒಳಬಿಡುವ ಸಾಧನ. ಮಾತು ಒಳಗೆ ಹೋಯಿತು. ಕನ್ನಡದಲ್ಲಿ ಎಂದೂ ಉತ್ತರ ಕೊಡದ ಹುಡುಗಿ, ಒಲೆಯ ಮುಂದೆ ಅಮ್ಮ ಗದರಿದ ಮಗುವಿನಂತೆ ಬೆರಳನ್ನು ಹಿಂದಕ್ಕೆ ಸೆಳೆದುಕೊಂಡು ಕಲ್ಲಾದಳು.

ರೇಂಜಿನ ಮೇಲ್ವಿಚಾರಕ, ಬಿಳಿ ಮೀಸೆಯ ಮುದುಕ, ಎಲ್ಲರ ಗುಂಡನ್ನೂ ನಿಲ್ಲಿಸಿ ಬಂದ. ಬಂದೂಕನ್ನು ಅವಳ ಕೈಯಿಂದ ಮೆಲ್ಲಗೆ ಇಸಿದುಕೊಂಡು ಖಾಲಿ ಮಾಡಿದ. ನಳಿಗೆಯ ಬಾಯಿಂದ ಕಡ್ಡಿ ಇಳಿಬಿಟ್ಟ. ಒಂದು ಗೇಣು ಹೋಗಿ ನಿಂತಿತು. ಅವನು ಕಡ್ಡಿಯ ಮೇಲೆ ಉಗುರಿಟ್ಟು, ಅದನ್ನು ಡಾಕ್ಟರ ಮುಖಕ್ಕೆ ಹಿಡಿದ.

"ನಾನು ಫೈರ್ ಮಾಡಿದ್ದರೆ?" ಎಂದು ಅವಳು ಇಂಗ್ಲಿಷಿನಲ್ಲಿ ಕೇಳಿದಳು.

"ಆಗ ನಿಮ್ಮಪ್ಪನಿಗೆ ಇವತ್ತು ನಿನ್ನ ಆಪರೇಷನ್ನಿಗೇ ಡ್ಯೂಟಿ ಬೀಳುತ್ತಿತ್ತು ಮಗೂ," ಅಂದ ಡಾಕ್ಟರ ಕೆಲಸ ಬಲ್ಲ ಮುದುಕ.

ಬಡಿದು ತೆಗೆದಾಗ ಗುಂಡಿನ ಜೊತೆ ಸೀಸದ ತೆಳ್ಳನೆಯ ಸಿಪ್ಪೆಗಳು ಉದುರಿದವು, ಸ್ವೀಟಿನ ಮೇಲಿನ ಬೆಳ್ಳಿ ರೇಕಿನ ಹಾಗೆ. ಡಾಕ್ಟರು ಅವನ್ನು ಒಂದೊಂದಾಗಿ ಆರಿಸಿ ಅಂಗೈಯಲ್ಲಿ ಕೂಡಿಸಿಕೊಂಡರು.

ಹಿಂದಿರುಗುವ ದಾರಿಯಲ್ಲಿ, ಬರ್ಕ್ಲಿಯಲ್ಲಿ ಇಳಿಯುವಾಗ ಅವಳು ಕೇಳಿದಳು, "ಅಂಕಲ್, ಹೌ ಡಿಡ್ ಯೂ ನೋ?" ಸದ್ದಿನಿಂದ ಅಂದೆ. ಅವಳು ಥ್ಯಾಂಕ್ಸ್ ಹೇಳಿ ನನ್ನ ಕೈ ಒತ್ತಿದಳು. ಆ ಕೈಯನ್ನು ಎಲ್ಲಿಡಬೇಕೋ ತಿಳಿಯಲಿಲ್ಲ.

ಹದಿನೈದು ದಿನದ ಮೇಲೆ ಗರಾಜಿನಲ್ಲಿ ನಾವಿಬ್ಬರೇ ಇದ್ದೆವು. ಹಳೆಯ ಗುಂಡುಗಳನ್ನೆಲ್ಲ ತೆಗೆದುಹಾಕಿ, ಹೊಸದನ್ನು ತರಿಸಿದ್ದರು. ಒಂದೊಂದನ್ನೂ ಅಳೆದೆ. ನಾನ್ನೂರ ಮೂವತ್ತೊಂದು, ನಾನ್ನೂರ ಮೂವತ್ತೊಂದು. ಅವರು ತಲೆಯೆತ್ತದೆ ಹೇಳಿದರು, "ಸಣ್ಣದೈತಿ ಅಂತ ನೀವಽ ಹೇಳಿದ್ರಿ. ಆಮ್ಯಾಲೆ ನಡೆಯುತ್ತೆ ಅಂತಾನೂ ನೀವಽ ಅಂದ್ರಿ. ಎರಡರಾಗ ಯಾವುದನ್ನ ಕೇಳಬೇಕಿತ್ರೀ ನಾ?"

ಅಳೆಯುತ್ತ ಹೋದೆ.

ಈ ಭಾನುವಾರ ಡಾಕ್ಟರ ಮಗಳನ್ನು ನನ್ನ ಮನೆಗೆ ಬರಹೇಳಿದ್ದೇನೆ. ಅವಳಿಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬರುವುದಿಲ್ಲ. ಆದ್ದರಿಂದ ಇದನ್ನು ನಾನೇ ಓದಿ ಹೇಳಬೇಕು. ತಟ್ಟೆ ಹಿಡಿದು ನಾನು 'ನಡೆಯುತ್ತೆ' ಅಂದದ್ದು ಅವಳಿಗೆ ಇನ್ನೂ ತಿಳಿಯದು; ಅಲ್ಲಿಗೆ ಬಂದಾಗ ದನಿ ನಿಲ್ಲುತ್ತದೆಯೇನೋ ಎಂದು ಈಗಲೇ ಭಯವಾಗುತ್ತಿದೆ.

ಅಂದು ಐದನೇ ಮೇಜಿನ ಹತ್ತಿರ ಇದನ್ನು ಕಂಡವರು ನನ್ನನ್ನು ಬಿಟ್ಟು ಮೂವರು. ಬಿಳಿ ಮೀಸೆಯ ಮುದುಕ ಕಳೆದ ಚಳಿಗಾಲದಲ್ಲಿ ಕಾಯಿಲೆಯಿಂದ ತೀರಿಕೊಂಡ. ಡಾಕ್ಟರು ಫಾಸ್ಟರ್ ಸಿಟಿಯಲ್ಲೇ ಇದ್ದಾರೆ. ಅವರ ಮಗಳು ಎಮರಿವಿಲ್‌ನ ಒಂದು ಅಪಾರ್ಟ್‌ಮೆಂಟಿನಲ್ಲಿ ಇದ್ದಾಳೆ, ಬದುಕಿದ್ದಾಳೆ.